ನಾಯಿಮರಿ ಖರೀದಿ: ನಂಬಿಕೆಗೆ ಅರ್ಹ ತಳಿ ಸಂವರ್ಧಕರನ್ನು ಗುರುತಿಸುವ ಬಗೆ

ಗೋದಾಮು, ಅಕ್ಕಿ ಗಿರಣಿ, ಟಿಂಬರ್ ಡಿಪೊ, ಸಣ್ಣ ಕಾರ್ಖಾನೆಗಳ ಆವರಣಗಳಲ್ಲಿ ರಾತ್ರಿಯ ಕಾವಲಿಗೆಂದು ನಾಯಿ ಸಾಕುವ ರೂಢಿ ಹಳೆಯದು. ಇತ್ತೀಚಿನ ವರ್ಷಗಳಲ್ಲಿ ವರ್ತಕರ ಹಾಗೂ ಉದ್ಯಮಿಗಳ ಮನೆಗಳಲ್ಲಿಯೂ ಜಾತಿ ನಾಯಿಗಳನ್ನು ಸಾಕುವ ಆಸಕ್ತಿ ಹೆಚ್ಚಿದೆ. ಆದರೆ ಈ ಖರೀದಿಯು ನಡೆಯುವ ರೀತಿಯನ್ನು ಗಮನಿಸಿದರೆ ಒಂದು ವೈಚಿತ್ರ್ಯ ಕಾಣುತ್ತದೆ. ಯಂತ್ರವೊಂದನ್ನು ಕೊಳ್ಳುವಾಗ ಮೂರು ಕಡೆಯಿಂದ ದರಪಟ್ಟಿ ತರಿಸಿ, ತಯಾರಕರ ಹಿನ್ನೆಲೆಯನ್ನು ವಿಚಾರಿಸಿ, ಗ್ಯಾರಂಟಿಯ ಷರತ್ತುಗಳನ್ನು ಓದಿದ ಮೇಲೆಯೇ ಸಹಿ ಹಾಕುವ ವ್ಯವಹಾರಸ್ಥರು ನಾಯಿಮರಿಯ ವಿಷಯದಲ್ಲಿ ಮಾತ್ರ ಮೊಬೈಲ್ ಫೋನಿನಲ್ಲಿ ಬಂದ ಒಂದು ಚಿತ್ರವನ್ನು ನೋಡಿ ಹಣ ಕಳುಹಿಸಿಬಿಡುವುದುಂಟು. ಯಂತ್ರ ಕೆಟ್ಟರೆ ದುರಸ್ತಿ ಮಾಡಿಸಬಹುದು ಅಥವಾ ಮಾರಿಬಿಡಬಹುದು. ನಾಯಿಯಾದರೋ ಹತ್ತು ಹನ್ನೆರಡು ವರ್ಷಗಳ ಕಾಲ ಜೊತೆಗಿರುವ ಜೀವ. ಅದು ರೋಗಿಷ್ಠವಾದರೆ ವೈದ್ಯರ ಖರ್ಚು ನಿಲ್ಲುವುದಿಲ್ಲ. ಕಚ್ಚುವ ಸ್ವಭಾವದ್ದಾದರೆ ಕಾರ್ಮಿಕರಿಗೂ ಗಿರಾಕಿಗಳಿಗೂ ಅಪಾಯ. ಬೇಡವೆಂದು ಬೀದಿಗೆ ಬಿಟ್ಟರೆ ಅದು ಕ್ರೌರ್ಯ, ಅಪರಾಧವೂ ಹೌದು.

ಜಾನುವಾರು ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಅದರ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಎಂಟು ವಾರದ ನಾಯಿಮರಿಯಲ್ಲಿ ಹೀಗೆ ಪರೀಕ್ಷಿಸಲು ಸಿಗುವುದು ಬಹಳ ಕಡಮೆ. ಎಲ್ಲ ಮರಿಗಳೂ ಆ ವಯಸ್ಸಿನಲ್ಲಿ ಮುದ್ದಾಗಿಯೇ ಇರುತ್ತವೆ. ಅದರ ಕೀಲುಗಳು ಎಷ್ಟು ಗಟ್ಟಿ, ಸ್ವಭಾವ ಎಂಥದು, ಯಾವ ಕಾಯಿಲೆ ಒಳಗೆ ಅಡಗಿದೆ ಎಂಬುದು ಮಾರಾಟದ ದಿನ ತಿಳಿಯುವುದಿಲ್ಲ. ಸರಕಿನ ಗುಣಮಟ್ಟವನ್ನು ಸರಕಿನಲ್ಲಿಯೇ ಕಾಣಲಾಗದಿದ್ದಾಗ ತಯಾರಾದ ಸ್ಥಳವನ್ನೂ ತಯಾರಿಸಿದವರ ಲೆಕ್ಕಪತ್ರವನ್ನೂ ಪರಿಶೀಲಿಸಬೇಕೆಂಬುದು ವ್ಯಾಪಾರದ ಅನುಭವ. ನಾಯಿಮರಿಯ ಖರೀದಿಗೂ ಇದೇ ಮಾನದಂಡ ಅನ್ವಯಿಸುತ್ತದೆ. ರೂಢಿಯಲ್ಲಿ ಬ್ರೀಡರ್ ಎಂದು ಕರೆಯಲಾಗುವ ತಳಿ ಸಂವರ್ಧಕರನ್ನು ಹೇಗೆ ಪರಿಶೀಲಿಸಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮರಿಯ ಗುಣ ನಿರ್ಧಾರವಾಗುವುದು ಎಲ್ಲಿ?

ನಾಯಿಯ ಗುಣಾವಗುಣಗಳಿಗೆ ಮುಖ್ಯವಾಗಿ ಮೂರು ಮೂಲಗಳಿವೆ. ಮೂರೂ ಕೊಳ್ಳುವವರ ಕೈಸೇರುವ ಮೊದಲೇ ಮುಗಿದುಹೋಗಿರುತ್ತವೆ ಅಥವಾ ಬಹುಪಾಲು ರೂಪುಗೊಂಡಿರುತ್ತವೆ.

ಮೊದಲನೆಯದು ಅನುವಂಶೀಯತೆ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಮುಂತಾದ ದೊಡ್ಡ ತಳಿಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂಡದಿರುವ ದೋಷವು ವಂಶದಿಂದ ಬರುವಂಥದು. ಇಂತಹ ನಾಯಿಯು ಮರಿಯಾಗಿರುವಾಗ ಸರಿಯಾಗಿಯೇ ಓಡಾಡಿಕೊಂಡಿದ್ದು, ಬೆಳೆದಂತೆಲ್ಲ ಕುಂಟತೊಡಗುತ್ತದೆ. ತಂದೆ ತಾಯಿ ನಾಯಿಗಳಿಗೆ 2 ವರ್ಷ ತುಂಬಿದ ಬಳಿಕ ಎಕ್ಸ್-ರೇ ತೆಗೆಸಿ, ದೋಷವಿಲ್ಲದವುಗಳನ್ನು ಮಾತ್ರ ಕೂಡಿಸುವುದೇ ಇದಕ್ಕಿರುವ ಮುಖ್ಯ ಮುನ್ನೆಚ್ಚರಿಕೆ. ಒಂದೇ ರಕ್ತಸಂಬಂಧದ ನಾಯಿಗಳನ್ನು ಪದೇ ಪದೇ ಕೂಡಿಸಿದರೆ ಮರೆಯಲ್ಲಿದ್ದ ದೋಷಗಳು ಹೊರಬರುತ್ತವೆ, ಮರಿಗಳ ಸಂಖ್ಯೆ ಕುಗ್ಗುತ್ತದೆ, ರೋಗನಿರೋಧಕ ಶಕ್ತಿ ತಗ್ಗುತ್ತದೆ.

ಎರಡನೆಯದು ತಾಯಿಯ ಆರೋಗ್ಯ. ನಾಯಿಯ ಗರ್ಭಾವಧಿ ಸುಮಾರು 63 ದಿನಗಳು. ಈ ಅವಧಿಯಲ್ಲಿ ತಾಯಿಗೆ ಸರಿಯಾದ ಆಹಾರ ಸಿಕ್ಕಿತೇ, ಅದಕ್ಕೆ ಮೊದಲೇ ಲಸಿಕೆ ಹಾಕಿಸಲಾಗಿತ್ತೇ, ಜಂತುಹುಳುವಿನ ಔಷಧ ಕೊಡಲಾಗಿತ್ತೇ ಎಂಬುದರ ಮೇಲೆ ಮರಿಗಳ ಬಲ ನಿಂತಿರುತ್ತದೆ. ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿನಿಂದಲೇ ಮರಿಗೆ ಆರಂಭದ ರೋಗನಿರೋಧಕ ಶಕ್ತಿ ಲಭಿಸುತ್ತದೆ. ವರ್ಷಕ್ಕೆರಡು ಬಾರಿ ಮರಿ ಹಾಕಿ ಸೊರಗಿದ ತಾಯಿಯಿಂದ ಇದನ್ನು ನಿರೀಕ್ಷಿಸಲಾಗದು.

ಮೂರನೆಯದು ಮೊದಲ ವಾರಗಳ ಪಾಲನೆ. ಸುಮಾರು 3ನೆಯ ವಾರದಿಂದ 14ನೆಯ ವಾರದವರೆಗೆ ಮರಿಯು ಮನುಷ್ಯರು, ಸದ್ದು, ವಾಹನ, ಇತರ ಪ್ರಾಣಿಗಳು ಇವುಗಳೊಡನೆ ಹೊಂದಿಕೊಳ್ಳುವುದನ್ನು ಕಲಿಯುತ್ತದೆ. ಒಡಹುಟ್ಟಿದ ಮರಿಗಳೊಂದಿಗೆ ಆಡುವಾಗಲೇ ಎಷ್ಟು ಬಲವಾಗಿ ಕಚ್ಚಬಾರದೆಂಬುದನ್ನೂ ಅರಿಯುತ್ತದೆ. ಕತ್ತಲೆ ಕೋಣೆಯಲ್ಲಿ ತಂತಿಯ ಪಂಜರದೊಳಗೆ ಈ ಅವಧಿಯನ್ನು ಕಳೆದ ಮರಿಯು ಅಂಜುಬುರುಕವಾಗಿ ಬೆಳೆಯುವ ಸಂಭವ ಹೆಚ್ಚು. ಅಂಜುವ ನಾಯಿಯೇ ಅಕಾರಣವಾಗಿ ಕಚ್ಚುವ ನಾಯಿ. ಕಾವಲಿಗೆ ಒರಟು ಮರಿಯೇ ಬೇಕೆಂದು ಹುಡುಕುವವರು ಗಮನಿಸಬೇಕಾದ ಸಂಗತಿ ಇದು.

ಇವುಗಳೊಂದಿಗೆ ಸೋಂಕು ರೋಗಗಳ ಪ್ರಶ್ನೆಯೂ ಇದೆ. ಮರಿಗಳನ್ನು ಕೊಲ್ಲುವ ಪಾರ್ವೊ ವೈರಸ್ ರೋಗವು ಸೋಂಕು ತಗುಲಿದ 3ರಿಂದ 7 ದಿನಗಳಲ್ಲಿ, ಕೆಲವೊಮ್ಮೆ 2 ವಾರಗಳ ನಂತರ ಕಾಣಿಸಿಕೊಳ್ಳುತ್ತದೆ. ಸೋಂಕು ತಗುಲಿದ ಮರಿಯು ಮಾರಾಟದ ದಿನ ಲವಲವಿಕೆಯಿಂದಲೇ ಇದ್ದು, ಮನೆಗೆ ತಂದ ವಾರದೊಳಗೆ ವಾಂತಿ ಭೇದಿಯಿಂದ ಸಾಯಬಹುದು. ಬೇರೆ ಬೇರೆ ಊರುಗಳ ಮರಿಗಳನ್ನು ಒಂದೆಡೆ ಗುಡ್ಡೆ ಹಾಕಿ ಮಾರುವಲ್ಲಿ ಈ ಅಪಾಯ ಅತ್ಯಧಿಕ.

ಕಾನೂನು ಏನು ಹೇಳುತ್ತದೆ?

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ ಅಡಿಯಲ್ಲಿ ಕೇಂದ್ರ ಸರ್ಕಾರವು 2017ರ ಮೇ ತಿಂಗಳಲ್ಲಿ ನಾಯಿಗಳ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ ಸಂಬಂಧಿಸಿದ ನಿಯಮಗಳನ್ನು ಪ್ರಕಟಿಸಿತು. ಇವುಗಳ ಸಾರಾಂಶವನ್ನು ಕೊಳ್ಳುವವರೂ ಅರಿತಿರುವುದು ಲೇಸು.

ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸದೆ ಯಾರೂ ಮಾರಾಟಕ್ಕಾಗಿ ನಾಯಿಗಳ ಸಂವರ್ಧನೆ ನಡೆಸುವಂತಿಲ್ಲ. ನೋಂದಣಿಯ ಅವಧಿ 2 ವರ್ಷಗಳು, ಬಳಿಕ ನವೀಕರಿಸಿಕೊಳ್ಳಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮೊದಲು ಕೂಡಿಸಬಾರದು. ಕೂಡಿಸುವ ಮುನ್ನ ಅದು ಆರೋಗ್ಯವಾಗಿದೆಯೆಂದು ಪಶುವೈದ್ಯರಿಂದ ದೃಢೀಕರಣ ಪಡೆಯಬೇಕು. ಒಂದರ ಹಿಂದೊಂದು ಬರುವ ಎರಡು ಬೆದೆಗಳಲ್ಲಿ ಕೂಡಿಸುವಂತಿಲ್ಲ. 12 ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸೂಲು ಆಗಬಾರದು. ಜೀವಮಾನದಲ್ಲಿ ಐದನ್ನು ಮೀರಬಾರದು. 8 ವರ್ಷ ಕಳೆದ ಹೆಣ್ಣು ನಾಯಿಯನ್ನು ಮರಿಗಾಗಿ ಬಳಸಬಾರದು. 8 ವಾರ ತುಂಬದ ಮರಿಯನ್ನು ಮಾರುವುದು ನಿಷಿದ್ಧ. 6 ತಿಂಗಳು ದಾಟಿದ ನಾಯಿಯನ್ನು ಮತ್ತೊಬ್ಬ ನೋಂದಾಯಿತ ಸಂವರ್ಧಕರಿಗಲ್ಲದೆ ಇತರರಿಗೆ ಮಾರಬೇಕಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರಬೇಕು. ಹುಟ್ಟಿದ, ಮಾರಿದ, ಸತ್ತ ಮರಿಗಳ ಲೆಕ್ಕವನ್ನು ದಾಖಲೆಯಲ್ಲಿ ಇಡಬೇಕು.

ಮರಿಯನ್ನು ತಾನೇ ಬೆಳೆಸದೆ ಕೇವಲ ಕೊಂಡು ಮಾರುವವರ ಬಗ್ಗೆ ಇತರ ದೇಶಗಳೂ ಎಚ್ಚರ ವಹಿಸಿವೆ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್ 6ರಿಂದ 6 ತಿಂಗಳೊಳಗಿನ ನಾಯಿಮರಿಗಳನ್ನು ಮೂರನೆಯವರು ವ್ಯಾಪಾರಕ್ಕಾಗಿ ಮಾರುವುದನ್ನು ನಿಷೇಧಿಸಲಾಗಿದೆ. ಕೊಳ್ಳುವವರು ಸಂವರ್ಧಕರಲ್ಲಿಗೇ ಹೋಗಿ, ತಾಯಿಯ ಜೊತೆಯಲ್ಲಿ ಮರಿಯನ್ನು ಕಂಡು ಕೊಳ್ಳಬೇಕೆಂಬುದು ಅದರ ಆಶಯ.

ಒಂದು ಸರಳ ಲೆಕ್ಕ

ಮೇಲಿನ ನಿಯಮಗಳಲ್ಲಿ ವ್ಯಾಪಾರಿಗಳಿಗೆ ಅತ್ಯಂತ ಉಪಯುಕ್ತವಾದದ್ದು ಸೂಲಿನ ಮಿತಿ. ಇದರಿಂದ ಮಾರಾಟಗಾರರ ಪ್ರಾಮಾಣಿಕತೆಯನ್ನು ಕಾಗದ ಪೆನ್ಸಿಲ್ ಹಿಡಿದು ಅಳೆಯಬಹುದು.

ಒಬ್ಬ ಸಂವರ್ಧಕರಲ್ಲಿ ಮರಿ ಹಾಕುವ ವಯಸ್ಸಿನ 4 ಹೆಣ್ಣು ನಾಯಿಗಳಿವೆಯೆಂದೂ ಸೂಲಿಗೆ ಸರಾಸರಿ 6 ಮರಿಗಳು ಬದುಕುತ್ತವೆಯೆಂದೂ ಇಟ್ಟುಕೊಳ್ಳೋಣ. ನಿಯಮ ಪಾಲಿಸಿದರೆ ವರ್ಷಕ್ಕೆ ಹೆಚ್ಚೆಂದರೆ 24 ಮರಿಗಳು. ಅಂದರೆ ತಿಂಗಳಿಗೆ ಎರಡು. ಕೂಡಿಸಿದ ದಿನದಿಂದ ಲೆಕ್ಕ ಹಾಕಿದರೆ ಗರ್ಭದ 63 ದಿನಗಳು ಮತ್ತು ತಾಯಿಯ ಬಳಿಯ 56 ದಿನಗಳು ಸೇರಿ, ಒಂದು ಮರಿಯು ಮಾರಾಟಕ್ಕೆ ಸಿದ್ಧವಾಗಲು ಸುಮಾರು 4 ತಿಂಗಳು ಬೇಕು. ಹೀಗಿರುವಾಗ ತಿಂಗಳಿಗೆ 10 ಮರಿ ಮಾರುವುದಾಗಿ ಹೇಳುವವರಲ್ಲಿ ಕನಿಷ್ಠ 20 ಹೆಣ್ಣು ನಾಯಿಗಳಿರಬೇಕು. ಅವುಗಳಿಗೆ ತಕ್ಕ ಸ್ಥಳ, ಆಳುಕಾಳು, ಆಹಾರದ ಖರ್ಚು, ಪಶುವೈದ್ಯರ ಬಿಲ್ಲುಗಳಿರಬೇಕು. ಅವು ಕಣ್ಣಿಗೆ ಬೀಳದಿದ್ದರೆ ಎರಡರಲ್ಲಿ ಒಂದು ನಿಜ: ಮರಿಗಳು ಬೇರೆಲ್ಲಿಂದಲೋ ಬರುತ್ತಿವೆ ಅಥವಾ ಇರುವ ನಾಯಿಗಳನ್ನು ಮಿತಿಮೀರಿ ಬಳಸಲಾಗುತ್ತಿದೆ.

ಹತ್ತು ಹನ್ನೆರಡು ತಳಿಗಳು ಸದಾ ಸಿದ್ಧವಿವೆ ಎಂಬ ಜಾಹೀರಾತನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದು. ಒಂದು ತಳಿಯ ವಂಶಾವಳಿ, ರೋಗಗಳು, ಸ್ವಭಾವಗಳನ್ನು ಬಲ್ಲವರಾಗಲು ವರ್ಷಗಳೇ ಬೇಕು. ನಿಜವಾದ ಸಂವರ್ಧಕರು ಒಂದೆರಡು ತಳಿಗಳಿಗೆ ಸೀಮಿತರಾಗಿದ್ದು, ಹೆಚ್ಚಿನ ವೇಳೆ ಮರಿಗಳಿಲ್ಲವೆಂದೇ ಹೇಳುತ್ತಾರೆ. ಹೆಸರು ಬರೆದುಕೊಂಡು ಮುಂದಿನ ಸೂಲಿನವರೆಗೆ ಕಾಯಿರಿ ಎನ್ನುತ್ತಾರೆ. ಸಾಮಾನ್ಯ ವ್ಯಾಪಾರದಲ್ಲಿ ಸರಕು ಇಲ್ಲವೆನ್ನುವುದು ಕೊರತೆ; ಈ ವ್ಯವಹಾರದಲ್ಲಿ ಅದು ಒಳ್ಳೆಯ ಲಕ್ಷಣ.

ಅಗ್ಗದ ಬೆಲೆಯ ಮರ್ಮವೂ ಈ ಲೆಕ್ಕದಲ್ಲಿಯೇ ಇದೆ. ತಾಯಿಯ ವರ್ಷಪೂರ್ತಿ ಆಹಾರ, ಆರೋಗ್ಯ ತಪಾಸಣೆ, ಮರಿಗಳ ಲಸಿಕೆ, ನೋಂದಣಿ ಶುಲ್ಕ ಎಲ್ಲವೂ ಒಂದು ಸೂಲಿನ ಮರಿಗಳ ಬೆಲೆಯಲ್ಲಿಯೇ ಹುಟ್ಟಬೇಕು. ಉಳಿದವರಿಗಿಂತ ಅರ್ಧ ಬೆಲೆಗೆ ಕೊಡುವವರು ಇವುಗಳಲ್ಲಿ ಯಾವುದನ್ನೋ ಬಿಟ್ಟಿರುತ್ತಾರೆ. ಬಿಟ್ಟದ್ದರ ಹಣವನ್ನು ಮುಂದೆ ಕೊಂಡವರೇ ಪಶುವೈದ್ಯರಿಗೆ ತೆರಬೇಕಾಗುತ್ತದೆ.

ಮುಧೋಳದ ನಿದರ್ಶನ

ಸಂವರ್ಧಕರ ನಂಬಿಕೆಯು ಒಂದು ಊರಿನ ವ್ಯಾಪಾರಕ್ಕೇ ಆಸ್ತಿಯಾಗುವುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳವು ಕವಿ ರನ್ನನ ಊರೆಂದು ಪ್ರಸಿದ್ಧ. ಅಷ್ಟೇ ಪ್ರಸಿದ್ಧವಾದುದು ಅಲ್ಲಿಯ ಬೇಟೆನಾಯಿ. ನೀಳ ಕಾಲು, ಕಿರಿದಾದ ನಡು, ಉದ್ದ ಮೂತಿಯ ಈ ನಾಯಿಯು ಓಟಕ್ಕೂ ತೀಕ್ಷ್ಣ ದೃಷ್ಟಿಗೂ ಹೆಸರಾದುದು. ಮುಧೋಳ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಈ ತಳಿಗೆ ಆಶ್ರಯ ನೀಡಿ ಬೆಳೆಸಿದರು. ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ದೇಶೀ ನಾಯಿ ತಳಿಗಳ ಬಗ್ಗೆ ಹೊರತಂದ ನಾಲ್ಕು ಅಂಚೆಚೀಟಿಗಳಲ್ಲಿ ಒಂದು ಮುಧೋಳ ನಾಯಿಯದು. 2016ರಲ್ಲಿ ಈ ತಳಿಯ ಮರಿಗಳನ್ನು ತರಬೇತಿಗಾಗಿ ಮೀರತ್‌ನ ಸೇನಾ ಪಶುವೈದ್ಯ ಕೇಂದ್ರಕ್ಕೆ ಕಳುಹಿಸಲಾಯಿತು. 2020ರ ಆಗಸ್ಟ್ ತಿಂಗಳ ರೇಡಿಯೊ ಭಾಷಣದಲ್ಲಿ ಪ್ರಧಾನಮಂತ್ರಿಗಳು ದೇಶೀ ತಳಿಗಳನ್ನು ಸಾಕುವಂತೆ ಕರೆ ನೀಡುವಾಗ ಮುಧೋಳದ ಹೆಸರನ್ನೂ ಹೇಳಿದ್ದರು.

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವು ಕಾರ್ಯನಿರ್ವಹಿಸುತ್ತಿದೆ. ಸುತ್ತಲಿನ ಹಳ್ಳಿಗಳ ಹಲವು ರೈತ ಕುಟುಂಬಗಳಿಗೆ ಈ ನಾಯಿಯ ಮರಿಗಳ ಮಾರಾಟವು ಉಪ ಆದಾಯವಾಗಿದೆ.

ಹೆಸರು ಬಂದಲ್ಲಿ ನಕಲಿಯೂ ಬರುತ್ತದೆ. ಬೇಡಿಕೆ ಏಕಾಏಕಿ ಹೆಚ್ಚಿದಾಗ ಎರಡು ಅಪಾಯಗಳು ಒದಗುತ್ತವೆ. ಹೊರಗಿನ ಓಟದ ನಾಯಿಗಳೊಂದಿಗೆ ಬೆರಕೆ ಮಾಡಿ, ಹುಟ್ಟಿದ ಮರಿಗಳನ್ನು ಮುಧೋಳದ ಹೆಸರಿನಲ್ಲಿ ಮಾರುವುದು ಒಂದು. ಕೈಯಲ್ಲಿರುವ ಕೆಲವೇ ನಾಯಿಗಳನ್ನು ಅಣ್ಣತಂಗಿಯರೆನ್ನದೆ ಕೂಡಿಸಿ ಸಂಖ್ಯೆ ಹೆಚ್ಚಿಸುವುದು ಇನ್ನೊಂದು. ಮೊದಲನೆಯದರಿಂದ ತಳಿಯ ಗುರುತು ಅಳಿಯುತ್ತದೆ, ಎರಡನೆಯದರಿಂದ ತಳಿಯ ಬಲ ಅಳಿಯುತ್ತದೆ. ಇಳಕಲ್ ಸೀರೆಗೂ ಬ್ಯಾಡಗಿ ಮೆಣಸಿನಕಾಯಿಗೂ ಊರಿನ ಹೆಸರೇ ಬೆಲೆ ತಂದುಕೊಟ್ಟಂತೆ ಮುಧೋಳದ ನಾಯಿಗೂ ಊರಿನ ಹೆಸರೇ ಬೆಲೆ. ಅದನ್ನು ಕೆಲವರು ಕೆಡಿಸಿದರೆ, ವಂಶಾವಳಿಯನ್ನು ಎಚ್ಚರದಿಂದ ಕಾಯ್ದುಕೊಂಡು ಬಂದ ರೈತರ ಮರಿಗೂ ಗಿರಾಕಿ ಇಲ್ಲದಂತಾಗುತ್ತದೆ. ಕೊಳ್ಳುವವರು ದಾಖಲೆ ಕೇಳಿ ಕೊಳ್ಳುವುದು ಈ ಕಾರಣದಿಂದ ಪ್ರಾಮಾಣಿಕ ಸಂವರ್ಧಕರಿಗೆ ಸಲ್ಲಿಸುವ ನೆರವೂ ಆಗುತ್ತದೆ.

ಇದೇ ಬಗೆಯ ನಾಯಿಯನ್ನು ಕೆನಲ್ ಕ್ಲಬ್ ಆಫ್ ಇಂಡಿಯಾವು ಕ್ಯಾರವಾನ್ ಹೌಂಡ್ ಎಂಬ ಹೆಸರಿನಲ್ಲಿ ನೋಂದಾಯಿಸುತ್ತದೆ. ಹೆಸರಿನ ಈ ವ್ಯತ್ಯಾಸದಿಂದ ಕೊಳ್ಳುವವರು ಗಲಿಬಿಲಿಗೊಳ್ಳಬೇಕಾಗಿಲ್ಲ.

ಸ್ಥಳ ಪರಿಶೀಲನೆ

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯು ಈ ಖರೀದಿಗೆ ಅಕ್ಷರಶಃ ಹೊಂದುತ್ತದೆ. ಮರಿಯನ್ನು ನೋಡುವ ಮೊದಲು ತಾಯಿಯನ್ನು ನೋಡಬೇಕು. ಅದು ಮರಿಗಳ ಜೊತೆಯಲ್ಲಿಯೇ ಇರಬೇಕು. ಮರಿಗಳು ಅದರ ಬಳಿ ಮೊಲೆಗಾಗಿ ಹೋಗಬೇಕು. ಹಾಲೂಡುವ ತಾಯಿ ಸ್ವಲ್ಪ ಕೃಶವಾಗಿರುವುದು ಸಹಜ. ಆದರೆ ಚರ್ಮರೋಗ, ಗಾಯ, ಮಂಕುತನ ಇರಬಾರದು. ಅಪರಿಚಿತರನ್ನು ಕಂಡು ಬೊಗಳಿದರೂ ಯಜಮಾನರು ಹೇಳಿದಾಗ ಶಾಂತವಾಗಬೇಕು. ತಾಯಿಯು ಊರಿನಲ್ಲಿದೆ, ತೋಟದಲ್ಲಿದೆ, ಚಿಕಿತ್ಸೆಗೆ ಹೋಗಿದೆ ಎಂಬ ಉತ್ತರ ಬಂದರೆ ಅಲ್ಲಿಂದ ಹಿಂದಿರುಗುವುದೇ ಉಚಿತ. ಗಂಡು ನಾಯಿಯು ಬೇರೆಯವರದಾಗಿರುವುದು ಸಾಮಾನ್ಯ. ಆದಕಾರಣ ಅದು ಸ್ಥಳದಲ್ಲಿ ಇಲ್ಲದಿರುವುದು ದೋಷವಲ್ಲ. ಅದರ ವಿವರ ಮತ್ತು ಒಡೆಯರ ಹೆಸರು ಮಾತ್ರ ದಾಖಲೆಯಲ್ಲಿರಬೇಕು.

ಬಸ್ ನಿಲ್ದಾಣದಲ್ಲಿ, ಹೆದ್ದಾರಿಯ ಬದಿಯಲ್ಲಿ ಅಥವಾ ಹೋಟೆಲಿನ ಮುಂದೆ ಮರಿ ತಂದುಕೊಡುತ್ತೇವೆಂಬ ಮಾತನ್ನು ಒಪ್ಪಬಾರದು. ಸಾಕುವ ಸ್ಥಳದಲ್ಲಿ ಗಾಳಿ ಬೆಳಕು, ಒಣ ನೆಲ, ಶುದ್ಧ ನೀರು, ಓಡಾಡಲು ಅಂಗಳ ಇವೆಯೇ ಎಂದು ಗಮನಿಸಬೇಕು. ವಯಸ್ಸಾಗಿ ಮರಿ ಹಾಕುವುದನ್ನು ನಿಲ್ಲಿಸಿದ ನಾಯಿಗಳು ಎಲ್ಲಿವೆ ಎಂದು ಕೇಳುವುದು ಬಹಳ ಫಲಪ್ರದವಾದ ಪ್ರಶ್ನೆ. ಅವು ಅದೇ ಆವರಣದಲ್ಲಿ ನೆಮ್ಮದಿಯಿಂದಿದ್ದರೆ ಸಂವರ್ಧಕರ ಮನೋಧರ್ಮದ ಬಗ್ಗೆ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಕೇಳಿ ಪಡೆಯಬೇಕಾದ ಕಾಗದಪತ್ರಗಳು

ಸಂವರ್ಧಕರ ನೋಂದಣಿ ಪ್ರಮಾಣಪತ್ರ, ಮರಿಯ ಹುಟ್ಟಿದ ದಿನಾಂಕ, ತಂದೆ ತಾಯಿಗಳ ವಿವರ, ಪಶುವೈದ್ಯರ ಸಹಿ ಮತ್ತು ಮೊಹರು ಇರುವ ಲಸಿಕಾ ಪುಸ್ತಕ, ಜಂತುಹುಳು ನಿವಾರಣೆಯ ದಿನಾಂಕಗಳು, ಮೈಕ್ರೊಚಿಪ್ ಸಂಖ್ಯೆ, ಹಣ ಸಂದಾಯದ ರಸೀದಿ ಇವಿಷ್ಟು ಕೈಸೇರಬೇಕು. ಲಸಿಕಾ ಪುಸ್ತಕದಲ್ಲಿ ಲಸಿಕೆಯ ಬಾಟಲಿಗೆ ಅಂಟಿಸಿದ್ದ ಚೀಟಿಯನ್ನು ಹಚ್ಚಿರುವುದು ವಾಡಿಕೆ. ದಿನಾಂಕವನ್ನು ಮರಿಯ ವಯಸ್ಸಿನೊಂದಿಗೆ ತಾಳೆ ನೋಡಬೇಕು. ಮರಿಗಳ ಮೊದಲ ಲಸಿಕೆಯನ್ನು ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ಕೊಟ್ಟು, ಸುಮಾರು 16 ವಾರಗಳವರೆಗೆ ಕೆಲವು ವಾರಗಳಿಗೊಮ್ಮೆ ಪುನರಾವರ್ತಿಸಲಾಗುತ್ತದೆ. ರೇಬಿಸ್ ಲಸಿಕೆ ಸುಮಾರು 3 ತಿಂಗಳ ವಯಸ್ಸಿನಲ್ಲಿ ಆರಂಭವಾಗುತ್ತದೆ. 8 ವಾರದ ಮರಿಗೆ ಎಲ್ಲ ಲಸಿಕೆಗಳೂ ಮುಗಿದಿವೆ ಎಂಬ ಮಾತು ಆದ್ದರಿಂದ ನಂಬತಕ್ಕದ್ದಲ್ಲ.

ಕೆನಲ್ ಕ್ಲಬ್ಬಿನ ಪ್ರಮಾಣಪತ್ರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅದು ವಂಶಾವಳಿಯ ದಾಖಲೆ; ಆರೋಗ್ಯದ ದಾಖಲೆಯಲ್ಲ. ಶುದ್ಧ ತಳಿಯ ನಾಯಿಗೂ ಸೊಂಟದ ಕೀಲಿನ ದೋಷವಿರಬಹುದು. ದೊಡ್ಡ ತಳಿಗಳಾದರೆ ತಂದೆ ತಾಯಿಗಳ ಎಕ್ಸ್-ರೇ ವರದಿಯನ್ನು ಪ್ರತ್ಯೇಕವಾಗಿ ಕೇಳಬೇಕು. ಪ್ರಮಾಣಪತ್ರ ಆಮೇಲೆ ಬರುತ್ತದೆಂದು ಹೇಳಿದರೆ, ಯಾವ ದಿನಾಂಕದೊಳಗೆ ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದು ಕ್ಷೇಮ.

ಒಪ್ಪಂದ ಮತ್ತು ಪರಿಹಾರ

ಕಾನೂನಿನ ದೃಷ್ಟಿಯಲ್ಲಿ ಪ್ರಾಣಿಯೂ ಚರಾಸ್ತಿಯೇ ಆದ್ದರಿಂದ 1930ರ ಸರಕು ಮಾರಾಟ ಅಧಿನಿಯಮವು ಈ ವ್ಯವಹಾರಕ್ಕೆ ಅನ್ವಯಿಸುತ್ತದೆ. ಅದರ 16ನೆಯ ಪ್ರಕರಣದ ಸಾಮಾನ್ಯ ತತ್ತ್ವವೆಂದರೆ ಕೊಳ್ಳುವವರೇ ಎಚ್ಚರ ವಹಿಸಬೇಕು. ಆದರೆ ಕೊಳ್ಳುವವರು ತಮ್ಮ ಉದ್ದೇಶವನ್ನು ತಿಳಿಸಿ, ಆ ವ್ಯಾಪಾರವನ್ನೇ ನಡೆಸುವ ಮಾರಾಟಗಾರರ ಪರಿಣತಿಯನ್ನು ನಂಬಿ ಕೊಂಡಾಗ, ಸರಕು ಆ ಉದ್ದೇಶಕ್ಕೆ ಯೋಗ್ಯವಾಗಿರಬೇಕೆಂಬ ಷರತ್ತು ತಾನಾಗಿಯೇ ಅಡಕವಾಗಿರುತ್ತದೆ. ಕಾವಲಿಗೆ ಬೇಕು, ಮನೆಯಲ್ಲಿ ಮಕ್ಕಳಿದ್ದಾರೆ ಮುಂತಾಗಿ ಉದ್ದೇಶವನ್ನು ಬರೆದು ತಿಳಿಸುವುದರ ಮಹತ್ತ್ವ ಇದರಿಂದ ಸ್ಪಷ್ಟವಾಗುತ್ತದೆ.

ಮನೆಗಾಗಿ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಜಿಲ್ಲಾ ಆಯೋಗದ ಮೊರೆ ಹೋಗಬಹುದು. ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರನ್ನು ಆ ಅಧಿನಿಯಮವು ಸಾಮಾನ್ಯವಾಗಿ ಗ್ರಾಹಕರೆಂದು ಪರಿಗಣಿಸುವುದಿಲ್ಲ. ಗೋದಾಮು ಅಥವಾ ಕಾರ್ಖಾನೆಯ ಹೆಸರಿನಲ್ಲಿ ನಾಯಿ ಕೊಳ್ಳುವವರಿಗೆ ಲಿಖಿತ ಒಪ್ಪಂದವೇ ಮುಖ್ಯ ಆಧಾರ. ಒಂದು ಪುಟದ ಒಪ್ಪಂದ ಸಾಕು. ಮರಿಯನ್ನು ಪಡೆದ 2-3 ದಿನಗಳೊಳಗೆ ಕೊಳ್ಳುವವರು ಆರಿಸಿದ ಪಶುವೈದ್ಯರಿಂದ ಪರೀಕ್ಷೆ, ದೋಷ ಕಂಡುಬಂದರೆ ಹಣ ವಾಪಸು, ಎರಡು ವಾರಗಳೊಳಗೆ ಪಾರ್ವೊ ಅಥವಾ ಡಿಸ್ಟೆಂಪರ್ ರೋಗ ಕಾಣಿಸಿಕೊಂಡರೆ ಯಾರ ಹೊಣೆ ಎಷ್ಟು, ವಂಶದ ದೋಷ ಮುಂದೆ ಬೆಳಕಿಗೆ ಬಂದರೆ ಏನು ಪರಿಹಾರ ಎಂಬ ಅಂಶಗಳು ಅದರಲ್ಲಿರಬೇಕು. ನಾಯಿಯನ್ನು ಸಾಕಲಾಗದ ಪರಿಸ್ಥಿತಿ ಬಂದರೆ ಅದನ್ನು ಯಾವ ವಯಸ್ಸಿನಲ್ಲಾದರೂ ಹಿಂದಕ್ಕೆ ಪಡೆಯುತ್ತೇವೆಂದು ಒಳ್ಳೆಯ ಸಂವರ್ಧಕರು ತಾವಾಗಿಯೇ ಬರೆದುಕೊಡುತ್ತಾರೆ.

ಸಂವರ್ಧಕರು ಕೇಳುವ ಪ್ರಶ್ನೆಗಳು

ಜವಾಬ್ದಾರಿಯುಳ್ಳ ಸಂವರ್ಧಕರ ಬಳಿಗೆ ಹೋದವರಿಗೆ ಪ್ರಶ್ನೆಗಳ ಸುರಿಮಳೆಯೇ ಎದುರಾಗುತ್ತದೆ. ನಾಯಿಯನ್ನು ಎಲ್ಲಿ ಇಡುತ್ತೀರಿ, ಹಗಲು ಯಾರು ನೋಡಿಕೊಳ್ಳುತ್ತಾರೆ, ಹಿಂದೆ ಸಾಕಿದ್ದ ನಾಯಿ ಏನಾಯಿತು, ದಿನವಿಡೀ ಸರಪಳಿಯಲ್ಲಿ ಕಟ್ಟುತ್ತೀರಾ, ರಜೆಯಲ್ಲಿ ಊರಿಗೆ ಹೋದಾಗ ಗತಿಯೇನು? ಹಣ ಕೊಟ್ಟು ಕೊಳ್ಳುವವರಿಗೆ ಈ ವಿಚಾರಣೆ ಕಿರಿಕಿರಿಯೆನಿಸಬಹುದು. ಆದರೆ ತನ್ನ ಮರಿಯ ಮುಂದಿನ ಬದುಕಿನ ಚಿಂತೆಯಿರುವವರು ಮಾತ್ರ ಹೀಗೆ ಕೇಳುತ್ತಾರೆ. ಹಣ ಎಣಿಸಿಕೊಂಡು ಮರಿಯನ್ನು ಕೈಗಿಟ್ಟು ಕಳುಹಿಸುವವರು ನಾಳೆ ಫೋನ್ ಎತ್ತುವ ಭರವಸೆಯಿಲ್ಲ.

ಈ ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಕೊಡುವುದು ಕೊಳ್ಳುವವರ ಹಿತಕ್ಕೂ ಒಳ್ಳೆಯದು. ಕಾವಲಿಗೆಂದು ಬಂದವರಿಗೆ ಮುಧೋಳದ ನಾಯಿಯ ಸ್ವಭಾವವನ್ನು ತಿಳಿದ ಸಂವರ್ಧಕರು, ಅದು ಎಚ್ಚರದ ನಾಯಿಯಾದರೂ ಮೂಲತಃ ಓಟದ ಬೇಟೆನಾಯಿ. ಕಟ್ಟಿ ಹಾಕಿ ಸಾಕಿದರೆ ಕೆಡುತ್ತದೆ, ಬೇಲಿಯಿರುವ ವಿಶಾಲ ಜಾಗ ಬೇಕು ಎಂದು ಮೊದಲೇ ಹೇಳುತ್ತಾರೆ. ಹಿಮಪ್ರದೇಶದ ಸೈಬೀರಿಯನ್ ಹಸ್ಕಿಯನ್ನು ಬಳ್ಳಾರಿ, ರಾಯಚೂರಿನ ಬಿಸಿಲಿನಲ್ಲಿ ಸಾಕುವ ಕಷ್ಟವನ್ನೂ ಚಪ್ಪಟೆ ಮೂತಿಯ ಪಗ್ ಸೆಕೆಯಲ್ಲಿ ಉಸಿರಾಡಲು ಪಡುವ ಪಾಡನ್ನೂ ಮುಚ್ಚಿಡುವುದಿಲ್ಲ. ಕೆಲವೊಮ್ಮೆ ಮರಿಯ ಬದಲು ಬೆಳೆದ ನಾಯಿಯನ್ನು, ಅಥವಾ ಊರಿನ ಪ್ರಾಣಿದಯಾ ಸಂಸ್ಥೆಯಲ್ಲಿರುವ ಲಸಿಕೆ ಹಾಕಿಸಿದ ನಾಡ ನಾಯಿಯನ್ನು ಪಡೆಯಿರಿ ಎಂದು ಸಲಹೆ ನೀಡುವವರೂ ಇದ್ದಾರೆ. ಮಾರಾಟ ತಪ್ಪಿದರೂ ಸರಿ, ತಪ್ಪು ಮನೆಗೆ ಮರಿ ಹೋಗಬಾರದೆಂಬ ನಿಲುವು ಅವರದು.

ಕಾವಲು ನಾಯಿ ಮತ್ತು ಒಡೆಯರ ಹೊಣೆ

ಬಲಿಷ್ಠ ತಳಿಗಳ ಬಗ್ಗೆ ಇತ್ತೀಚೆಗೆ ನಡೆದ ಕಾನೂನಿನ ಬೆಳವಣಿಗೆಯೂ ಉಲ್ಲೇಖನೀಯ. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರವು ಉಗ್ರ ಸ್ವಭಾವದವೆಂದು ಪಟ್ಟಿಮಾಡಿದ ಇಪ್ಪತ್ತಕ್ಕೂ ಹೆಚ್ಚು ತಳಿಗಳ ಆಮದು, ಸಂವರ್ಧನೆ ಮತ್ತು ಮಾರಾಟಕ್ಕೆ ಪರವಾನಗಿ ನೀಡದಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತ್ತು. ಸಂಬಂಧಪಟ್ಟವರ ಅಭಿಪ್ರಾಯವನ್ನು ಆಲಿಸದೆ ಹೊರಡಿಸಲಾಗಿದೆಯೆಂಬ ಕಾರಣ ನೀಡಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ವರ್ಷ ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಗೊಳಿಸಿತು. ಆದರೆ ಒಡೆಯರ ಹೊಣೆ ಎಲ್ಲಿಯೂ ಕಡಮೆಯಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳಲು ನಿರ್ಲಕ್ಷಿಸಿದವರಿಗೆ 6 ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಾರ್ಮಿಕರು, ಹಮಾಲರು, ಲಾರಿ ಚಾಲಕರು ಹಗಲಿರುಳು ಓಡಾಡುವ ಆವರಣಗಳಲ್ಲಿ ಅಂಜದ, ಹೇಳಿದ್ದನ್ನು ಕೇಳುವ ನಾಯಿಯೇ ಒಡೆಯರಿಗೆ ನಿಜವಾದ ರಕ್ಷಣೆ. ಅಂತಹ ನಾಯಿಯು ಅಂತಹ ಸಂವರ್ಧಕರಿಂದಲೇ ದೊರೆಯುತ್ತದೆ.

ಕೊನೆಯದಾಗಿ

ಸಂವರ್ಧನೆಯನ್ನು ಉಪಕಸುಬಾಗಿ ಕೈಗೊಳ್ಳಲು ಬಯಸುವವರೂ ಮೇಲಿನ ಎಲ್ಲ ಅಂಶಗಳನ್ನು ತಮ್ಮ ಮೇಲೆಯೇ ಅನ್ವಯಿಸಿಕೊಳ್ಳಬಹುದು. ವರ್ಷಕ್ಕೊಂದೇ ಸೂಲು, ಕಟ್ಟುನಿಟ್ಟಿನ ದಾಖಲೆ, ಹಿಂದಕ್ಕೆ ಪಡೆಯುವ ವಾಗ್ದಾನ ಇವುಗಳಿಂದ ಬೇಗ ಲಾಭ ಬರುವುದಿಲ್ಲ. ಆದರೆ ಒಮ್ಮೆ ಹೆಸರು ನಿಂತ ಮೇಲೆ ಮರಿ ಹುಟ್ಟುವ ಮೊದಲೇ ಗಿರಾಕಿಗಳು ಕಾದಿರುತ್ತಾರೆ.

ಕೊಳ್ಳುವವರಾದರೋ ಮೂರು ಸಂಗತಿಗಳನ್ನು ನೆನಪಿನಲ್ಲಿಟ್ಟರೆ ಸಾಕು: ತಾಯಿಯನ್ನು ಕಣ್ಣಾರೆ ಕಾಣುವುದು, ಸೂಲುಗಳ ಲೆಕ್ಕವನ್ನು ತಾಳೆ ನೋಡುವುದು, ಮಾತನ್ನೆಲ್ಲ ಬರಹದಲ್ಲಿ ಪಡೆಯುವುದು. ಇವುಗಳಿಗೆ ಒಪ್ಪುವ ಸಂವರ್ಧಕರು ದೊರೆಯಲು ಕೆಲವು ತಿಂಗಳು ಹಿಡಿಯಬಹುದು. ಹನ್ನೆರಡು ವರ್ಷ ಬಾಗಿಲು ಕಾಯುವ ಜೀವಕ್ಕಾಗಿ ಅಷ್ಟು ದಿನ ಕಾಯುವುದು ದುಬಾರಿಯೇನಲ್ಲ.